ಪಂಜರ ಎಳೆದ ದೋಣಿ

ನಮ್ಮ ಮನೆಯಲ್ಲಿ ಜಗಳ ಶುರುವಾಗುವುದು ಯಾವಾಗಲೂ ಎರಡನೇ ಸಲ ಅನ್ನ ಬಡಿಸುವಾಗ. ಮೊದಲ ಸಲ ಎಲ್ಲರಿಗೂ ಹಸಿವಿರುತ್ತದೆ, ತಟ್ಟೆಯಿಂದ ತಲೆ ಎತ್ತುವವರಿಲ್ಲ. ಆ ದಿನವೂ ಅಷ್ಟೆ. ಅತ್ತೆ ಮಾವನ ತಟ್ಟೆಗೆ ಎರಡನೇ ಸಲ ಅನ್ನ ಹಾಕುತ್ತ, ಸಾರು ಬೇಕಾ ಎಂದು ಕೇಳುವಷ್ಟೇ ಸಲೀಸಾಗಿ ಹೇಳಿಬಿಟ್ಟರು.

"ದೋಣಿಗೆ ಮುಂಗಡ ತಗೊಂಡಿದ್ದೀನಿ."

"ಯಾರ ದೋಣಿಗೆ?" ಎಂದರು ಮಾವ, ಮೀನಿನ ಮುಳ್ಳು ಬಿಡಿಸುತ್ತ.

"ನಮ್ಮದಕ್ಕೇ. ಇನ್ಯಾರ ದೋಣಿಗೆ ನಾನು ತಗೊಳ್ಳೋಕೆ ಆಗುತ್ತೆ?"

ಮಾವನ ಕೈ ಅಲ್ಲೇ ನಿಂತಿತು. ನನ್ನ ಗಂಡ ಮೆಲ್ಲಗೆ ತಟ್ಟೆ ಎತ್ತಿಕೊಂಡು ಗೋಡೆಯ ಕಡೆ ಸರಿದ. ನಮ್ಮ ದ್ವೀಪದಿಂದ ಆಚೆ ದಡಕ್ಕೆ ಜನ ಸಾಗಿಸುವ ಲಾಂಚಿನಲ್ಲಿ ಟಿಕೆಟ್ ಹರಿಯುವವನು ಅವನು. ಗಲಾಟೆ ಏಳುವ ಮೊದಲೇ ಅವನಿಗೆ ವಾಸನೆ ಹೊಡೆಯುತ್ತದೆ. ನಾದಿನಿ ಮಾತ್ರ ನೆಟ್ಟಗೆ ಕೂತಿದ್ದಳು. ಎಲ್ಲದಕ್ಕೂ ಕಾರಣ ಅವಳೇ ಆಗಿದ್ದಳು.

ನಾದಿನಿ ಆಚೆ ದಡದಲ್ಲಿ ಮೂರು ತಿಂಗಳು ಮೀನು ಸಾಕಣೆಯ ತರಬೇತಿ ಮುಗಿಸಿ ಬಂದಿದ್ದಳು. ಸಮುದ್ರದಲ್ಲಿ ತೇಲುವ ಪಂಜರ, ಅದಕ್ಕೆ ಕೆಳಗೆ ಬಲೆಯ ಚೀಲ, ಅದರೊಳಗೆ ಸಾವಿರದೈನೂರು ಮರಿಗಳು. ಅರ್ಧ ಖರ್ಚು ಸರ್ಕಾರದ್ದು, ಅರ್ಧ ನಮ್ಮದು. ಆ ಅರ್ಧಕ್ಕೆ ಎಲ್ಲಿಗೆ ಹೋಗುವುದು? ಹೆಂಗಸರ ಹೆಸರಿನಲ್ಲಿದ್ದರೆ ಇಂಜಿನ್ನಿಗೆ ರಿಯಾಯಿತಿ ಸಿಗುತ್ತದೆಂದು ಮಾವನೇ ಹಿಂದೊಮ್ಮೆ ದೋಣಿಯನ್ನು ಅತ್ತೆಯ ಹೆಸರಿಗೆ ಬರೆಸಿದ್ದರು. ಅತ್ತೆ ನೇರವಾಗಿ ಐಸ್ ಫ್ಯಾಕ್ಟರಿಯ ಸಾಹುಕಾರರ ಹತ್ತಿರ ಹೋಗಿ ಸಹಿ ಹಾಕಿ ಬಂದಿದ್ದರು. ಕರಾರು ಇಷ್ಟೇ: ಪಂಜರದ ಮೀನು ಹಿಡಿಯುವ ದಿನ ಮುಂಗಡ ವಾಪಸ್ ಕೊಟ್ಟರೆ ದೋಣಿ ನಮ್ಮದು. ಕೊಡಲಾಗದಿದ್ದರೆ ಸಾಹುಕಾರರದು.

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?" ಮಾವನ ದನಿ ಮನೆ ಹಾರಿ ಹೋಗುವಂತಿತ್ತು. "ನಲವತ್ತು ವರ್ಷ! ನಲವತ್ತು ವರ್ಷದಿಂದ ಮೀನು ಇಳಿಸೋಕೆ ಧಕ್ಕೆಗೆ ಮೊದಲು ಬರೋ ದೋಣಿ ಅದು!"

"ಮೊದಲು ಬರುತ್ತೆ ಸರಿ. ಏನು ಹೊತ್ಕೊಂಡು ಬರುತ್ತೆ?" ಅತ್ತೆ ಅಡುಗೆಮನೆಗೆ ಹೋಗಿ ಬುಟ್ಟಿಯನ್ನೇ ತಂದು ನಡುವೆ ಇಟ್ಟರು. ಆ ದಿನದ ಮೀನು ಅದರಲ್ಲಿತ್ತು. ಒಂದೊಂದೂ ನನ್ನ ಕಿರುಬೆರಳಿನಷ್ಟು. "ಇದು ಮೀನಾ? ಇವಿನ್ನೂ ತೊಟ್ಟಿಲಲ್ಲಿ ಇರ್ಬೇಕಾದವು. ಮಕ್ಕಳನ್ನೇ ಹಿಡಿದು ತಂದ್ರೆ ನಾಳೆ ದೊಡ್ಡವು ಎಲ್ಲಿಂದ ಬರ್ತಾವೆ ರೀ?"

"ಅಪ್ಪ, ಆರು ತಿಂಗಳು ನೋಡೋಣ," ಎಂದಳು ನಾದಿನಿ. "ಸಮುದ್ರಕ್ಕೂ ಸ್ವಲ್ಪ ಸುಧಾರಿಸ್ಕೊಳ್ಳೋಕೆ ಬಿಡೋಣ."

ಮಾವ ಎದ್ದು ಕೈ ತೊಳೆದರು. ಬಾಗಿಲಲ್ಲಿ ನಿಂತು, ಹೆಂಡತಿಯನ್ನೂ ಮಗಳನ್ನೂ ಬಿಟ್ಟು, ನನ್ನ ಮುಖ ನೋಡಿ ಹೇಳಿದರು: "ಅವರಿಬ್ಬರಿಗೂ ಹೇಳು. ಮೀನು ಹಿಡಿಯೋನು ನಾನು. ಮೀನಿಗೆ ಬಡಿಸೋನಲ್ಲ."

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ.

ಮಾವ ಅತ್ತೆಯ ಹತ್ತಿರವೂ ನಾದಿನಿಯ ಹತ್ತಿರವೂ ಮಾತು ಬಿಟ್ಟರು. ಮಾತು ಬಿಟ್ಟರೆ ಸುಮ್ಮನಿರಬೇಕಲ್ಲ? ಇಲ್ಲ! ಹೇಳುವುದೆಲ್ಲ ಹೇಳಬೇಕು, ಆದರೆ ನನ್ನ ಮೂಲಕ. ಅತ್ತೆ ಮೂರು ಮೊಳ ದೂರದಲ್ಲಿ ಕೂತಿರುವಾಗಲೇ "ಅವಳಿಗೆ ಹೇಳು, ಸಾರಿಗೆ ಉಪ್ಪು ಕಮ್ಮಿ" ಎನ್ನುವರು. ಅತ್ತೆ ತಿರುಗಿ ನನಗೇ "ಬೇಕಾದ್ರೆ ಹಾಕ್ಕೊಳ್ಳೋಕೆ ಹೇಳು, ಡಬ್ಬಿ ಅವರ ಮುಂದೇನೇ ಇದೆ" ಎನ್ನುವರು. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಹತ್ತು ಮನೆಯ ಬಟ್ಟೆ ಹೊಲಿಯುವವಳು. ಪಂಜರದ ಬಲೆಯ ಚೀಲಕ್ಕೂ ಅಂಚು ಹೊಲಿದುಕೊಟ್ಟವಳು ನಾನೇ. ಅದರ ಮೇಲೆ ಈ ಟಪಾಲು ಕೆಲಸ ಬೇರೆ. ನನಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಯಾರಿಗೂ ಗೊತ್ತಿಲ್ಲದ ವಿಷಯವೇನಲ್ಲ.

ಪಂಜರ ಬಂತು. ನೀಲಿ ಡ್ರಮ್ಮುಗಳ ಮೇಲೆ ಕಟ್ಟಿದ ಪೈಪಿನ ದೊಡ್ಡ ಚೌಕ, ಸುತ್ತ ನಡೆದಾಡಲು ಹಲಗೆ. ಮನೆಯ ಹಿಂದಿನ ಕೊಲ್ಲಿಯಲ್ಲಿ ಅಲೆಯಿಲ್ಲ, ನನ್ನ ಹೊಲಿಗೆ ಕಿಟಕಿಯಿಂದ ಕಾಣುತ್ತದೆ, ಕಾವಲಿಗೂ ಸುಲಭ ಎಂದು ಅಲ್ಲೇ ಎರಡು ಲಂಗರು ಹಾಕಿ ನಿಲ್ಲಿಸಿದರು. ಮರಿಗಳು ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬಂದ ದಿನ ದ್ವೀಪದ ಅರ್ಧ ಜನ ನಮ್ಮ ಹಿತ್ತಲಲ್ಲಿದ್ದರು. ನಾದಿನಿ ಒಂದೊಂದೇ ಚೀಲ ಬಿಚ್ಚಿ ನೀರಿಗೆ ಬಿಟ್ಟಾಗ ಅವು ಮಿಂಚುತ್ತ ಕೆಳಗಿಳಿದವು. ಅತ್ತೆ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಷ್ಟು ಖುಷಿಯಾಗಿತ್ತು.

ಮಾವ ದೂರದಲ್ಲಿ ಬಲೆ ಹೆಣೆಯುತ್ತ ಕೂತಿದ್ದರು. ಸಂಜೆ ನನ್ನ ಕಿಟಕಿಯ ಹತ್ತಿರ ಬಂದು ನಿಂತರು.

"ಅವಳಿಗೆ ಹೇಳು. ಆ ಕೊಲ್ಲಿ ನೀರನ್ನ ನಂಬಬಾರದು. ಚಂದ್ರ ಅರ್ಧ ಇದ್ದಾಗ, ಗಾಳಿ ಬಿದ್ದಾಗ ಅಲ್ಲಿ ನೀರು ನಿದ್ದೆ ಹೊಡೆಯುತ್ತೆ. ಒಂಚೂರೂ ಅಲ್ಲಾಡಲ್ಲ. ಪಂಜರಾನ ಕೊಲ್ಲಿ ಹೊರಗಿರೋ ಬಂಡೆ ಆಚೆ, ನೀರಿನ ಸೆಳೆತ ಇರೋ ಕಡೆ ಇಡ್ಲಿ."

ಆ ದಿನ ಅದು ನನಗೆ ಹನ್ನೊಂದನೆಯ ಟಪಾಲು. ಎಣಿಸಿದ್ದೆ. ಮಡಿಲಲ್ಲಿ ಅರ್ಧ ಹೊಲಿದ ಅಂಗಿ, ಸೂಜಿಗೆ ದಾರ ಹೋಗುತ್ತಿಲ್ಲ. ಇನ್ನೇನು, ಪಂಜರದ ಮೇಲೆ ಹೊಟ್ಟೆಕಿಚ್ಚು, ಅದಕ್ಕೇ ಕೊಂಕು ತೆಗೆಯುತ್ತಿದ್ದಾರೆ ಎಂದುಕೊಂಡೆ. "ಆಯ್ತು ಮಾವ, ಹೇಳ್ತೀನಿ" ಎಂದೆ. ಹೇಳಲಿಲ್ಲ.

ವಾರಗಳು ಕಳೆದವು. ಮೀನು ಬೆಳೆಯುವುದನ್ನು ನೋಡುವುದಿದೆಯಲ್ಲ, ಅದೊಂದು ಹುಚ್ಚು. ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ ನಾದಿನಿ ಆಹಾರದ ಗುಳಿಗೆಯನ್ನು ತೂಗಿ ಹಾಕುವಳು. ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಮ್ಮಿಯಿಲ್ಲ. ಗುಳಿಗೆ ಬಿದ್ದ ಕೂಡಲೇ ನೀರು ಕುದಿಯುವ ಹಾಗೆ ಮೀನು ಮೇಲೇಳುವವು. ವಾರಕ್ಕೊಮ್ಮೆ ಹತ್ತು ಮೀನು ಹಿಡಿದು ಅಳೆದು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವಳು. ಮೊದಲ ವಾರದ ಗೆರೆ ನನ್ನ ಹೆಬ್ಬೆರಳಿನಷ್ಟು. ಎಂಟನೆಯ ವಾರಕ್ಕೆ ಅಂಗೈ ದಾಟಿತು.

"ಲೆಕ್ಕಕ್ಕಿಂತ ಜಾಸ್ತಿ ಬೆಳೀತಿವೆ ಅತ್ತಿಗೆ!" ಎಂದಳು. "ಇಷ್ಟು ಬೇಗ ಹೇಗೆ ಅಂತ ನಂಗೂ ಗೊತ್ತಾಗ್ತಿಲ್ಲ."

"ಹೊಲಿದ ಕೈ ಯಾರದು!" ಎಂದು ನಾನು ಬೀಗಿದೆ.

ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಏನೂ ಕೇಳದವರಂತೆ ಇದ್ದರು. ಮಾವ ಹೊರಗೆ ಬೀಡಿ ಹಚ್ಚಿಕೊಂಡು ಬೇರೆ ಕಡೆ ತಿರುಗಿದರು. ನನ್ನ ಗಂಡನಿಗೆ ಕೆಮ್ಮು ಬಂತು. ಆಗಲೇ ನಾನು ಗಮನಿಸಬೇಕಿತ್ತು.

ಒಂಬತ್ತನೆಯ ವಾರ ಮೂರು ದಿನ ಮೋಡ ಮುಚ್ಚಿಕೊಂಡಿತು, ಮಳೆಯೂ ಇಲ್ಲ, ಗಾಳಿಯೂ ಇಲ್ಲ. ಒಗೆದು ಹಾಕಿದ ಬಟ್ಟೆ ಹಗ್ಗದ ಮೇಲೆ ಗೊಂಬೆಯ ಹಾಗೆ ನಿಂತಿತ್ತು. ಮೂರನೆಯ ಬೆಳಿಗ್ಗೆ ಮೀನು ಸರಿಯಾಗಿ ತಿನ್ನಲಿಲ್ಲವೆಂದು ನಾದಿನಿ ತರಬೇತಿ ಕೇಂದ್ರಕ್ಕೆ ಫೋನ್ ಮಾಡಲು ಧಕ್ಕೆಗೆ ಓಡಿದಳು. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಹತ್ತು ಗಂಟೆ ಸುಮಾರಿಗೆ ಕೊಲ್ಲಿಯಿಂದ ಅತ್ತೆ ಚೀರಿದರು.

"ತಿಂತಿಲ್ಲ ಕಣೇ! ಇವು ತಿಂತಾನೇ ಇಲ್ಲ!"

ನಮ್ಮ ಮನೆಯಲ್ಲಿ ಯಾರಾದರೂ ಊಟ ಬಿಟ್ಟರೆ ಅದಕ್ಕಿಂತ ದೊಡ್ಡ ಅನಾಹುತವಿಲ್ಲ. ನಾನು ಯಂತ್ರ ಬಿಟ್ಟು ಓಡಿದೆ. ಪಕ್ಕದ ಮನೆಯವರ ಚಿಕ್ಕ ದೋಣಿಗೆ ಹುಟ್ಟು ಹಾಕಿಕೊಂಡು ಪಂಜರಕ್ಕೆ ಹೋದೆ. ನೂರಾರು ಮೀನು ಮೇಲಕ್ಕೆ ಬಂದು, ಬಾಯಿ ಅಗಲಿಸಿ ಮುಚ್ಚಿ, ಅಗಲಿಸಿ ಮುಚ್ಚಿ ಮಾಡುತ್ತಿದ್ದವು. ಅತ್ತೆ ಹಲಗೆಯ ಮೇಲೆ ಮಂಡಿಯೂರಿ, ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು ಮೀನಿನ ಚೂರು ಎಸೆಯುತ್ತಿದ್ದರು.

"ನೋಡು, ಪಾಪ, ಬಾಯಿ ಬಿಡ್ತಿವೆ. ಹಾಕಿದ್ರೆ ಮುಟ್ತಿಲ್ಲ!"

ಅಷ್ಟರಲ್ಲಿ ನಾದಿನಿ ಈಜಿಕೊಂಡೇ ಬಂದಳು, ಹಾಕಿದ ಬಟ್ಟೆಯಲ್ಲೇ. "ಅಮ್ಮಾ, ಅವು ಹಸಿದು ಬಾಯಿ ಬಿಡ್ತಿಲ್ಲ, ಉಸಿರಾಡೋಕೆ ಆಗದೆ ಬಿಡ್ತಿವೆ! ನಿನ್ನ ಕೈಯಲ್ಲೇನು ಅದು?"

"ಹತ್ತು ಗಂಟೆದು..."

"ಹತ್ತು ಗಂಟೆದಾ? ಹತ್ತು ಗಂಟೆಗೆ ಹಾಕು ಅಂತ ಯಾರು ಹೇಳಿದ್ರು?"

"ಏಳಕ್ಕೆ ತಿಂದವು ಐದರವರೆಗೂ ಹಸ್ಕೊಂಡಿರ್ಬೇಕೇನೇ? ನಿನ್ನನ್ನ ನಾನು ಹಾಗೆ ಸಾಕಿದ್ನಾ?"

ಎರಡು ತಿಂಗಳಿಂದ ದಿನವೂ! ಅತ್ತೆ ಹೋಗುವುದನ್ನು ಕಿಟಕಿಯಿಂದ ಕಂಡಿದ್ದ ನಾನು ಕಾವಲಿಗೆ ಎಂದುಕೊಂಡಿದ್ದೆ. ತಿನ್ನದೆ ಉಳಿದದ್ದೆಲ್ಲ ಕೆಳಗೆ ಕೊಳೆತು, ನೀರು ಅಲುಗದೆ ನಿಂತು, ಉಸಿರಿಗೆ ಗಾಳಿಯೇ ಇರಲಿಲ್ಲ. ನಾದಿನಿ ತಲೆ ಚಚ್ಚಿಕೊಂಡಳು. ಆಗ ನಮ್ಮ ಹಿಂದೆ ಇಂಜಿನ್ನಿನ ಸದ್ದು. ಮಾವ ದೋಣಿ ತಂದಿದ್ದರು. ನೀರಿಗೆ ಕೈ ಅದ್ದಿ, ಒಂದು ಎಲೆ ತೇಲಿಬಿಟ್ಟು ನೋಡಿದರು. ಎಲೆ ಇದ್ದಲ್ಲೇ ಇತ್ತು.

"ಅವಳಿಗೆ ಹೇಳು," ಎಂದರು ನನಗೆ, "ಲಂಗರು ಬಿಚ್ಚಲಿ. ಪಂಜರಾನ ಬಂಡೆ ಆಚೆಗೆ ಎಳ್ಕೊಂಡು ಹೋಗ್ತೀನಿ."

ನಾದಿನಿ ಅವರಿಂದ ಎರಡು ಮಾರು ದೂರದಲ್ಲಿದ್ದಳು. ನನಗೆ ಎಲ್ಲಿತ್ತೋ ಸಿಟ್ಟು, ಅಳು, ಎಲ್ಲ ಒಟ್ಟಿಗೆ ಬಂತು.

"ಅವಳು ಇಲ್ಲೇ ಇದ್ದಾಳೆ ಮಾವ! ನೀವೇ ಹೇಳಿ! ನನ್ನ ಕೈಲಿ ಇನ್ನು ಆಗಲ್ಲ. ಮೊದಲ ದಿನ ನೀರು ನಿದ್ದೆ ಹೊಡೆಯುತ್ತೆ ಅಂದ್ರಲ್ಲ, ಆ ಮಾತನ್ನ ನಾನು ಇವಳಿಗೆ ಹೇಳ್ಲೇ ಇಲ್ಲ!"

ಮಾವ ಮಗಳ ಕಡೆ ತಿರುಗಿದರು, ಮಾತು ಬಿಟ್ಟ ಮೇಲೆ ಮೊದಲ ಸಲ.

"ನಿಂಗೆ ಗೊತ್ತೇ ಇರ್ಲಿಲ್ವಾ?"

"ಏನು ಗೊತ್ತಿರ್ಲಿಲ್ಲ? ಯಾವ ನಿದ್ದೆ?"

"ಅಯ್ಯೋ! ಅಪ್ಪನ ಮಾತಿಗೆ ಕವಡೆ ಕಿಮ್ಮತ್ತು ಕೊಡದೆ ಇಲ್ಲೇ ಇಟ್ಟಿದ್ದಾಳೆ ಅಂತ ನಾನು ಇಷ್ಟು ದಿನ ಹೊಟ್ಟೆ ಉರ್ಕೊಂಡು ಸತ್ತೆನಲ್ಲೇ!" ಮತ್ತೆ ನನ್ನನ್ನು ನೋಡಿ, "ನಿನಗೆ ಆಮೇಲೆ ಇದೆ" ಎಂದರು. "ಹಗ್ಗ ಕೊಡು ಮಗಳೇ."

ಲಂಗರಿನ ಹಗ್ಗ ಬಿಚ್ಚಿ, ಗುರುತಿಗೆ ತೇಲುವ ಡಬ್ಬಿ ಕಟ್ಟಿ ಬಿಟ್ಟೆವು. ಪಂಜರದ ಎರಡು ಮೂಲೆಯಿಂದ ದೋಣಿಗೆ ಹಗ್ಗ ಬಿಗಿದೆವು. ಬಂಡೆಯ ಆಚೆ ಸೆಳೆತಕ್ಕೆ ಹೆಚ್ಚುಕಮ್ಮಿ ಎರಡು ಕಿಲೋಮೀಟರ್. ಮಾವನಿಗೆ ಅದು ಐದು ನಿಮಿಷದ ದಾರಿ. ಧಕ್ಕೆಯಲ್ಲಿ ಅವರ ಹೆಸರು ಯಾರಿಗೂ ಬೇಕಿಲ್ಲ, ಎಲ್ಲರೂ ಕರೆಯುವುದು 'ಎಕ್ಸ್‌ಪ್ರೆಸ್' ಎಂದೇ.

"ಅಪ್ಪ, ನಿಧಾನ," ಎಂದಳು ನಾದಿನಿ. "ಜೋರಾಗಿ ಎಳೆದ್ರೆ ಬಲೆ ಹಿಂದಕ್ಕೆ ಉಬ್ಬಿಕೊಳ್ಳುತ್ತೆ, ಮೀನೆಲ್ಲ ಅದಕ್ಕೆ ಒತ್ತಿ ಸಾಯ್ತವೆ."

"ಎಷ್ಟು ನಿಧಾನ? ನಡಿಗೆಯಷ್ಟಾ?"

"ಅದಕ್ಕಿಂತ. ಈಗ ತಾನೇ ಹೆಜ್ಜೆ ಇಡೋಕೆ ಕಲಿತಿರೋ ಮಗು ನಡೆಯುತ್ತಲ್ಲ, ಅಷ್ಟು."

ಮಾವನ ಮುಖ ನೋಡಬೇಕಿತ್ತು! ಹುಟ್ಟಿದಾಗಿನಿಂದ ಆ ವೇಗ ಅವರಿಗೆ ಗೊತ್ತಿಲ್ಲ. ಇಂಜಿನ್ನಿಗೂ ಗೊತ್ತಿಲ್ಲ. ವೇಗ ಇಳಿಸಿದ ಕೂಡಲೇ ಗೊರ್ ಎಂದು ನಿಂತಿತು. ಮತ್ತೆ ಎಳೆದರು, ಮತ್ತೆ ನಿಂತಿತು. ಮೂರನೆಯ ಸಲ ಕಿವಿಯನ್ನು ಇಂಜಿನ್ನಿಗೇ ಹಚ್ಚಿ, ಕೈಯನ್ನು ಎಳೆಯ ಮಗುವಿನ ಬೆನ್ನ ಮೇಲಿಟ್ಟ ಹಾಗೆ ಇಟ್ಟು ಹಿಡಿದರು. ದೋಣಿ ಅಲುಗಿತು. ಹಗ್ಗ ಬಿಗಿಯಿತು. ಪಂಜರ ಕಿರುಗುಟ್ಟಿ ಹೊರಟಿತು.

"ಹೊರಟಿತು! ಹೊರಟಿತು!" ಎಂದು ನಾನು ಕೂಗಿದೆ.

"ಕೂಗ್ಬೇಡಿ ಅತ್ತಿಗೆ, ನೀರು ಹೊಯ್ಯಿರಿ!"

ಪಂಜರದೊಳಗೆ ಗಾಳಿ ಬೆರೆಯಲೆಂದು ನಾನೂ ಅತ್ತೆಯೂ ಹಲಗೆಯ ಮೇಲೆ ಕೂತು ನೀರು ಮೊಗೆದು ಎತ್ತರದಿಂದ ಸುರಿಯತೊಡಗಿದೆವು. ಅತ್ತೆಯ ಕೈಯಲ್ಲಿದ್ದದ್ದು ಅದೇ ಹತ್ತು ಗಂಟೆಯ ಪಾತ್ರೆ. ನಾದಿನಿ ಹಿಂದಿನ ಮೂಲೆಯಲ್ಲಿ ಬೋರಲು ಮಲಗಿ ಬಲೆಗೆ ಕೈ ಹಚ್ಚಿ ನೋಡುತ್ತಿದ್ದಳು.

"ಉಬ್ತಿದೆ ಅಪ್ಪ, ಉಬ್ತಿದೆ!"

"ಇನ್ನೂ ನಿಧಾನ ಮಾಡ್ಲಾ ಮಗಳೇ?"

"ಮಾಡು!"

"ಈಗ?"

"ಈಗ ಸರಿ. ಹೀಗೇ ಬಾ. ಹೀಗೇ."

ದೋಣಿಯಲ್ಲಿ ಯಾರಿಂದಲೂ ಒಂದು ಮಾತು ಹೇಳಿಸಿಕೊಳ್ಳದ ಮನುಷ್ಯ! ನೂರು ಸಲ ಕೇಳಿದರು, ನೂರು ಸಲ ಮಗಳು ಹೇಳಿದ ಹಾಗೆ ನಡೆದರು. ಒಂದು ಗಂಟೆ ಕಳೆದರೂ ನಾವು ಕೊಲ್ಲಿಯ ಬಾಯಿಗೂ ಬಂದಿರಲಿಲ್ಲ. ದಡದಲ್ಲಿ ಜನ ಸೇರಿದರು. "ಏನು ಎಕ್ಸ್‌ಪ್ರೆಸ್, ಎಲ್ಲಾ ಸ್ಟೇಷನ್‌ನಲ್ಲೂ ನಿಲ್ತಾ ಇದೆಯಾ?" ಎಂದು ಒಬ್ಬ ಕೂಗಿದ. ಬೇರೆ ದಿನವಾಗಿದ್ದರೆ ಮಾವ ಅವನ ಜನ್ಮ ಜಾಲಾಡುತ್ತಿದ್ದರು. ಆ ದಿನ ತಿರುಗಿಯೂ ನೋಡಲಿಲ್ಲ. ದಡದ ಜನರ ನಡುವೆ ಐಸ್ ಸಾಹುಕಾರರೂ ಕೊಡೆ ಹಿಡಿದು ನಿಂತಿದ್ದರು. ಅವರನ್ನು ನೋಡಿದ ಮೇಲೆ ಅತ್ತೆ ನೀರು ಸುರಿಯುವ ವೇಗ ಎರಡರಷ್ಟಾಯಿತು.

ಬಂಡೆಯ ಹತ್ತಿರ ಬರುವಷ್ಟರಲ್ಲಿ ಎದುರಿನಿಂದ ಲಾಂಚ್ ಬಂತು. ತುಂಬಿದ ಲಾಂಚ್, ಪೂರಾ ವೇಗ. ಅದು ಎಬ್ಬಿಸುವ ಅಲೆ ಬಡಿದರೆ ಪಂಜರದ ಮೂಲೆ ಬಿಚ್ಚಿಹೋಗುವುದು ಖಂಡಿತ. ಲಾಂಚಿನ ಮುಂಭಾಗದಲ್ಲಿ ಟಿಕೆಟ್ ಚೀಲ ನೇತುಹಾಕಿಕೊಂಡು ನನ್ನ ಗಂಡ ನಿಂತಿದ್ದ.

"ನಿಲ್ಸೋಕೆ ಹೇಳ್ರೀ!" ನಾನು ಗಂಟಲು ಹರಿಯುವಂತೆ ಕೂಗಿದೆ. "ಮೀನು ಸಾಯ್ತಿವೆ!"

ಅವನು ಒಳಗೆ ಓಡಿದ. ಲಾಂಚಿನ ಇಂಜಿನ್ ಬಂದ್ ಆಯಿತು. ಅಲೆ ಅರ್ಧ ದಾರಿಯಲ್ಲೇ ಸೋತು, ನಮ್ಮ ಡ್ರಮ್ಮುಗಳನ್ನು ಮೆಲ್ಲಗೆ ಎತ್ತಿ ಇಳಿಸಿತು. ಆಮೇಲೆ ಆ ಪುಣ್ಯಾತ್ಮ ಅಷ್ಟೂ ಪ್ರಯಾಣಿಕರ ಎದುರಿಗೆ ಎರಡೂ ಕೈ ಬಾಯಿಗೆ ಹಚ್ಚಿ ಕೂಗಿದ:

"ಸಂಜೆ ಸಂಜೆ ನಾನು ಅವಕ್ಕೆ ಬ್ರೆಡ್ ಹಾಕ್ತಿದ್ದೆ! ಅದರಿಂದ ಏನಾದ್ರೂ ಆಯ್ತಾ?"

"ನೀನೂನಾ!" ಎಂದು ನಾದಿನಿ ಮಲಗಿದಲ್ಲಿಂದಲೇ ಅರಚಿದಳು.

ದೋಣಿಯಲ್ಲಿ ಮಾವ ಗಂಟಲು ಸರಿಮಾಡಿಕೊಂಡರು. "ಬೆಳಗ್ಗೆ ಕಡಲಿಗೆ ಹೋಗಿ ಬರೋವಾಗ ನಾನೂ ದಿನಾ ಒಂದು ಬುಟ್ಟಿ ಚಿಲ್ಲರೆ ಮೀನು ಸುರೀತಿದ್ದೆ ಮಗಳೇ."

ಅತ್ತೆ ನೀರು ಸುರಿಯುತ್ತಲೇ ತಿರುಗಿದರು. "ಮೀನಿಗೆ ಬಡಿಸೋನಲ್ಲ ಅಂದ್ರಿ?"

"ಅವು ನನ್ನ ದೋಣಿ ಸದ್ದು ಕೇಳಿದ್ರೆ ಓಡಿ ಬರ್ತಿದ್ವು ಕಣೇ. ಬರೀ ಕೈ ತೋರಿಸೋಕೆ ಆಗುತ್ತಾ?"

ಲಾಂಚಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವೂ ನಕ್ಕೆವು, ಅಳು ನಗು ಎರಡೂ ಕೂಡಿ. ನೀರು ಹೊಯ್ಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಲಾಂಚ್ ನಾವು ದಾಟುವವರೆಗೂ ಅರ್ಧ ಗಂಟೆ ಹಾಗೇ ನಿಂತಿತ್ತು. ತಡವಾಯಿತೆಂದು ಒಬ್ಬರೂ ಗೊಣಗಲಿಲ್ಲ.

ಬಂಡೆ ದಾಟಿದ್ದೇ ತಡ, ನೀರಿನ ಬಣ್ಣ ಬದಲಾಯಿತು. ಸೆಳೆತ ಪಂಜರವನ್ನು ತಾನೇ ಹಿಡಿದುಕೊಂಡಿತು. ಹಗ್ಗ ಸಡಿಲವಾಯಿತು, ದೋಣಿಯ ಲಂಗರು ಇಳಿಸಿ ಪಂಜರವನ್ನು ನಿಲ್ಲಿಸಿದೆವು. ನಾವು ನಾಲ್ವರೂ ಬಗ್ಗಿ ನೋಡಿದೆವು. ಒಂದು ಮೀನು ಬಾಯಿ ಮುಚ್ಚಿತು, ಬಾಲ ಹೊಡೆದು ಕೆಳಗಿಳಿಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಹತ್ತು, ನೂರು. ಸ್ವಲ್ಪ ಹೊತ್ತಿಗೆ ಮೇಲೆ ನೀರು ಬಿಟ್ಟರೆ ಏನೂ ಇಲ್ಲ. ಸತ್ತು ತೇಲಿದವು ಐವತ್ತರ ಹತ್ತಿರ ಇದ್ದವು. ಉಳಿದವೆಲ್ಲ ಕೆಳಗೆ, ತಣ್ಣಗಿನ ನೀರಿನಲ್ಲಿ. ನಾದಿನಿ ದೋಣಿಗೆ ಹತ್ತಿ ಅಪ್ಪನ ಹೆಗಲ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತಳು. ಮಾವ ಇಂಜಿನ್ನಿನಿಂದ ಕೈ ತೆಗೆದು ಅವಳ ಒದ್ದೆ ತಲೆ ಒರೆಸಿದರು.

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಎರಡನೇ ಸಲ ಅನ್ನ ತಂದರು. ನನಗೆ ಬೀಳಬೇಕಿದ್ದ ಬೈಗುಳ ಈಗ ಬೀಳುತ್ತದೆಂದು ನಾನು ತಲೆ ತಗ್ಗಿಸಿ ಕಾದೆ. ಮಾವ ಅತ್ತೆಯ ಮುಖ ನೋಡಿ, "ಸಾರಿಗೆ ಉಪ್ಪು ಕಮ್ಮಿ ಆಗಿದೆ ಕಣೇ" ಎಂದರು. ಅಷ್ಟೇ. ಅತ್ತೆ ಉಪ್ಪಿನ ಡಬ್ಬಿಯನ್ನು ತಾವೇ ಎತ್ತಿಕೊಟ್ಟರು. ನಾನು ಹಗುರಾಗಿ ಮೂರನೇ ಸಲವೂ ಬಡಿಸಿಕೊಂಡೆ.

ಮರುದಿನದಿಂದ ಗುಳಿಗೆ, ಬ್ರೆಡ್, ಚಿಲ್ಲರೆ ಮೀನು ಎಲ್ಲದರ ಡಬ್ಬಕ್ಕೂ ಬೀಗ ಬಿತ್ತು, ಬೀಗದ ಕೈ ನಾದಿನಿಯ ಕೊರಳಿಗೆ. ಅತ್ತೆ ಹತ್ತು ಗಂಟೆಗೆ ಕಿಟಕಿಯಲ್ಲಿ ನಿಂತು ನಿಟ್ಟುಸಿರು ಬಿಡುವರು. "ನೋಡೋಕಾದ್ರೂ ಬಿಡ್ತಾಳಾ ಇವಳು?" ಎಂದು ಮಾವನನ್ನು ಕೇಳುವರು. ಮಾವ ಅವರನ್ನು ದೋಣಿಯಲ್ಲಿ ಕೂರಿಸಿಕೊಂಡು, ಬರೀ ಕೈಯಲ್ಲಿ, ಪಂಜರ ತೋರಿಸಿಕೊಂಡು ಬರುವರು. ಕಿರುಬೆರಳಿನಷ್ಟು ಮೀನು ಹಿಡಿಯುವ ಸಣ್ಣ ಕಣ್ಣಿನ ಬಲೆಯನ್ನು ಮಾವ ಒಂದು ದಿನ ನನ್ನ ಮುಂದೆ ತಂದು ಹಾಕಿದರು. "ಇದನ್ನ ಬಿಚ್ಚಿ ಏನಾದ್ರೂ ಮಾಡ್ಕೋ" ಎಂದರು. ನಾನು ಅದರಿಂದ ಆರು ಸಂತೆ ಚೀಲ ಹೊಲಿದೆ.

ಇಪ್ಪತ್ತೆರಡನೆಯ ವಾರಕ್ಕೆ ಗೋಡೆಯ ಗೆರೆ ನನ್ನ ಮೊಣಕೈಯವರೆಗೆ ಬಂತು. ಮೀನು ಹಿಡಿಯುವ ದಿನ ಗೊತ್ತಾಯಿತು.

ನಮ್ಮ ಧಕ್ಕೆಯಲ್ಲಿ ವ್ಯಾಪಾರಿಗಳು ಎಂಟು ಗಂಟೆಗೆ ಸರಿಯಾಗಿ ಹೊರಟುಬಿಡುತ್ತಾರೆ. ಮೊದಲು ಬಂದ ದೋಣಿಗೆ ಒಳ್ಳೆಯ ಬೆಲೆ, ಕೊನೆಗೆ ಬಂದವನ ಮೀನು ಮನೆ ಸಾರಿಗೆ. ಅದಕ್ಕೇ ಅಲ್ಲವೇ ಮಾವ ನಲವತ್ತು ವರ್ಷ ಓಡಿದ್ದು! ಆ ಬೆಳಿಗ್ಗೆ ನಾನು, ಅತ್ತೆ, ಗಂಡ ಧಕ್ಕೆಯ ಮೇಲೆ ನಿಂತಿದ್ದೆವು. ಸಾಹುಕಾರರು ಕರಾರು ಕಾಗದ ಹಿಡಿದು ನಮ್ಮ ಪಕ್ಕದಲ್ಲೇ ನಿಂತಿದ್ದರು. ಏಳಾಯಿತು. ಏಳೂವರೆ. ಬೇರೆ ದೋಣಿಗಳೆಲ್ಲ ಬಂದು ಮೀನು ಇಳಿಸಿದವು. ಎಂಟಾಯಿತು.

"ಬರೋ ಲಕ್ಷಣ ಕಾಣಲ್ವಲ್ಲಮ್ಮ," ಎಂದರು ಸಾಹುಕಾರರು.

"ಬರ್ತಾರೆ," ಎಂದರು ಅತ್ತೆ. ನನ್ನ ಕೈ ಹಿಡಿದಿದ್ದರು. ಉಗುರು ಚುಚ್ಚುತ್ತಿತ್ತು.

ಎಂಟೂ ಕಾಲಿಗೆ ಬಂಡೆಯ ಮಗ್ಗುಲಿನಿಂದ ದೋಣಿ ಕಾಣಿಸಿತು. ಅಬ್ಬಾ, ಅದೇನು ನಿಧಾನ! ಹೊಟ್ಟೆಯ ತುಂಬ ಸಮುದ್ರದ ನೀರು ತುಂಬಿಕೊಂಡು, ಅದರಲ್ಲಿ ಜೀವಂತ ಮೀನು ಬಿಟ್ಟುಕೊಂಡು, ಒಂದಕ್ಕೊಂದು ಬಡಿದು ಏಟಾಗದ ಹಾಗೆ ತೆವಳಿಕೊಂಡು ಬರುತ್ತಿತ್ತು. ನಾನು ವ್ಯಾಪಾರಿಗಳ ಕಡೆ ತಿರುಗಿ ನೋಡಿದೆ. ಒಬ್ಬರೂ ಹೊರಟಿರಲಿಲ್ಲ. ತಕ್ಕಡಿ ಹಿಡಿದುಕೊಂಡು, ನೀರಿನ ತೊಟ್ಟಿ ಸಿದ್ಧ ಮಾಡಿಕೊಂಡು, ಕಣ್ಣಿಗೆ ಕೈ ಅಡ್ಡ ಹಿಡಿದು, ಎಲ್ಲರೂ ಆ ದೋಣಿಯನ್ನೇ ನೋಡುತ್ತಿದ್ದರು. ಉಸಿರಾಡುವ ಮೀನಿಗೆ ಬಾಯಿಗೆ ಬಂದ ಬೆಲೆ ಹೇಳುವುದಕ್ಕೆ ಅವರಲ್ಲಿ ಆಗಲೇ ಜಗಳ ಹತ್ತಿತ್ತು. ಸಾಹುಕಾರರು ಅದನ್ನು ಕೇಳಿಸಿಕೊಂಡು ಕಾಗದವನ್ನು ನಾಲ್ಕಾಗಿ ಮಡಚಿ ಅತ್ತೆಯ ಕೈಗೆ ಕೊಟ್ಟರು.

"ಮುಂಗಡ ಸಂಜೆ ಕೊಟ್ರೂ ನಡೆಯುತ್ತೆ," ಎಂದರು. "ಇಷ್ಟು ನಿಧಾನದ ದೋಣಿ ನಂಗ್ಯಾಕೆ?"

ಅತ್ತೆ ಕಾಗದವನ್ನು ಎದೆಗೆ ಒತ್ತಿಕೊಂಡರು. ದೋಣಿ ಧಕ್ಕೆಯ ಹತ್ತಿರ ಬಂತು. ನಾದಿನಿ ಮುಂದೆ ನಿಂತಿದ್ದಳು, ಮಾವ ಹಿಂದೆ ಇಂಜಿನ್ನಿಗೆ ಕಿವಿ ಹಚ್ಚಿಕೊಂಡಿದ್ದರು. ಧಕ್ಕೆಯ ಜನಕ್ಕೆಲ್ಲ ಕೇಳುವ ಹಾಗೆ ಕೂಗಿದರು:

"ಇನ್ನೂ ನಿಧಾನ ಮಾಡ್ಲಾ ಮಗಳೇ?"

"ಸಾಕು ಬಾ ಅಪ್ಪ," ಎಂದಳು ನಾದಿನಿ. "ಎಲ್ಲರೂ ನಿನಗೇ ಕಾಯ್ತಿದ್ದಾರೆ."